ಅಂಗಡಿ ನಮ್ಮದೇ, ಆರೋಗ್ಯ ವಿಮೆಯ ಪ್ರೀಮಿಯಂ ತೆರಿಗೆಯಲ್ಲಿ ಕಳೆಯಬಹುದಾ?

ಪ್ರಶ್ನೆ: ಹಾಸನದಲ್ಲಿ ನನ್ನದು ಮೋಟಾರ್ ವೈಂಡಿಂಗ್ ಮತ್ತು ಪಂಪ್‌ಸೆಟ್ ರಿಪೇರಿ ಅಂಗಡಿ. ಇಬ್ಬರು ಹುಡುಗರು ಕೆಲಸಕ್ಕಿದ್ದಾರೆ. ಎಲ್ಲ ಖರ್ಚು ಕಳೆದು ವರ್ಷಕ್ಕೆ ಒಂಬತ್ತೂವರೆ ಲಕ್ಷ ಉಳಿಯುತ್ತದೆ, ಅಷ್ಟನ್ನೂ ರಿಟರ್ನ್‌ನಲ್ಲಿ ತೋರಿಸುತ್ತೇನೆ. ಎಲ್ಐಸಿ, ಮಕ್ಕಳ ಸ್ಕೂಲ್ ಫೀಸು ಸೇರಿ 1,20,000 ಆಗುತ್ತದೆ. 2025ರ ನವೆಂಬರ್‌ನಲ್ಲಿ ನಾವು ನಾಲ್ಕು ಜನಕ್ಕೆ ಎರಡು ವರ್ಷದ ಆರೋಗ್ಯ ವಿಮೆ ಮಾಡಿಸಿ ಒಟ್ಟಿಗೆ 63,000 ಕಟ್ಟಿದೆ. ನಾನು, ಹೆಂಡತಿ ಇಬ್ಬರೂ ಹೆಲ್ತ್ ಚೆಕಪ್ ಮಾಡಿಸಿದ್ದಕ್ಕೆ 6,000 ಆಯಿತು. ಬೇಲೂರು ಕಡೆ ಊರಿನಲ್ಲಿರುವ ಅಮ್ಮನ (66 ವರ್ಷ) ಪಾಲಿಸಿಗೆ ಆಗಸ್ಟ್‌ನಲ್ಲಿ 34,000. ಅಪ್ಪನಿಗೆ (71) ಸ್ಟೆಂಟ್ ಹಾಕಿದ್ದಾರೆ, ಕೇಳಿದ ಕಡೆ ಪಾಲಿಸಿ ಸಿಗಲಿಲ್ಲ. ಅವರ ಮಾತ್ರೆ, ಟೆಸ್ಟು, ಡಾಕ್ಟರ್ ಫೀಸಿಗೆ ವರ್ಷಕ್ಕೆ 30,000 ನಾನೇ ಕೊಡುತ್ತೇನೆ, ಅದರಲ್ಲಿ 12,000 ನಗದು. ಅತ್ತೆಯ ಪ್ರೀಮಿಯಂ 18,000 ಕೂಡ ನನ್ನದೇ. ಇದನ್ನೆಲ್ಲ ಅಂಗಡಿ ಖರ್ಚಿಗೆ ಬರೆಯಬಹುದಾ? ಅಮೆರಿಕದಲ್ಲಿರುವ ನನ್ನ ಷಡ್ಡಕ, ‘ಸ್ವಂತ ಕೆಲಸದವರಿಗೆ ಪೂರ್ತಿ ಪ್ರೀಮಿಯಂ ಕಳೆಯಬಹುದು’ ಅನ್ನುತ್ತಾನೆ. ಹೋದ ವರ್ಷದ ರಿಟರ್ನ್ ಕಾಗದದಲ್ಲಿ ‘ಹಳೆ ಪದ್ಧತಿ’ ಎಂದಿದೆ. ರಿಟರ್ನ್ ಹಾಕಿಕೊಡುವವರು 2024ರಲ್ಲಿ ಅದಕ್ಕೆ ಯಾವುದೋ ಫಾರ್ಮ್ ಹಾಕಿದ್ದರಂತೆ. ಅಪ್ಪನ ಹೆಸರಿನಲ್ಲಿ ಮೂರು ಎಕರೆ ಕಾಫಿ ತೋಟ ಇದೆ, ಅದೇನಾದರೂ ನನ್ನ ಲೆಕ್ಕಕ್ಕೆ ಬರುತ್ತದಾ? ತೆರಿಗೆಯಲ್ಲಿ ಏನೂ ಉಳಿಯದಿದ್ದರೆ ಅಮ್ಮನ ಪಾಲಿಸಿ ನಿಲ್ಲಿಸಿಬಿಡೋಣ ಎಂದೂ ಅನಿಸುತ್ತಿದೆ.

ಉತ್ತರ: ಮೊದಲು ಅಂಗಡಿ ಖರ್ಚಿನ ಮಾತು. ನಿಮ್ಮ, ನಿಮ್ಮ ಮನೆಯವರ ಆರೋಗ್ಯ ವಿಮೆ ಅಂಗಡಿಯ ಖರ್ಚಲ್ಲ. ಅಂಗಡಿ ಬಾಡಿಗೆ, ತಾಮ್ರದ ತಂತಿ, ವಾರ್ನಿಷ್, ಬೇರಿಂಗ್, ಕರೆಂಟ್ ಬಿಲ್ಲು, ಹುಡುಗರ ಸಂಬಳ, ಇವು ವ್ಯಾಪಾರಕ್ಕೆಂದೇ ಆದ ಖರ್ಚುಗಳು. ಪ್ರೀಮಿಯಂ ಮನೆ ಖರ್ಚು. ಆದಾಯ ತೆರಿಗೆ ಕಾಯ್ದೆಯ 37(1)ನೇ ಸೆಕ್ಷನ್ ವೈಯಕ್ತಿಕ ಖರ್ಚನ್ನು ವ್ಯಾಪಾರದ ಲೆಕ್ಕದಿಂದ ಹೊರಗಿಟ್ಟಿದೆ. ‘ನಾನು ಹುಷಾರಾಗಿದ್ದರೆ ತಾನೇ ಅಂಗಡಿ ನಡೆಯೋದು’ ಎಂದು ಬಹಳ ಜನ ವಾದ ಮಾಡುತ್ತಾರೆ. ಮಾತು ನಿಜವೇ, ಆದರೆ ಆ ವಾದ ಅಲ್ಲಿ ನಡೆಯುವುದಿಲ್ಲ. ಅಂಗಡಿಯ ಕರೆಂಟ್ ಅಕೌಂಟಿನಿಂದ ಪ್ರೀಮಿಯಂ ಕಟ್ಟಿದ್ದರೆ ತಪ್ಪೇನಿಲ್ಲ, ಪುಸ್ತಕದಲ್ಲಿ ಅದನ್ನು ಮಾಲೀಕರು ತೆಗೆದುಕೊಂಡ ಹಣ ಎಂದು, ಅಂದರೆ ಡ್ರಾಯಿಂಗ್ಸ್ ಎಂದು ಬರೆಯಬೇಕು.

ನಿಮ್ಮ ಷಡ್ಡಕ ಹೇಳಿದ್ದೂ ಸುಳ್ಳಲ್ಲ. ಅಮೆರಿಕದ ಕಾನೂನಿನಲ್ಲಿ ಸ್ವಂತ ಉದ್ಯೋಗದವರು ತಮ್ಮ, ಹೆಂಡತಿ ಮಕ್ಕಳ ಪ್ರೀಮಿಯಂ ಪೂರ್ತಿ ಕಳೆಯಬಹುದು, ಆ ವ್ಯಾಪಾರದ ಲಾಭದ ಮಿತಿಯೊಳಗೆ. ಅದು ಅಲ್ಲಿಗೆ ಸರಿ. ನಮ್ಮಲ್ಲಿ ಸ್ವಂತ ಉದ್ಯೋಗದವರಿಗೆ ಅಂತ ಬೇರೆ ಬಾಗಿಲಿಲ್ಲ. ಸಂಬಳದವರಿಗೂ ಅಂಗಡಿಯವರಿಗೂ ಇರುವುದು ಒಂದೇ, ಆರೋಗ್ಯ ವಿಮೆಯ ಹಣವನ್ನು ಆದಾಯದಿಂದ ಕಳೆಯಲು ಬಿಡುವ 80ಡಿ ಸೆಕ್ಷನ್.

ಇನ್ನು ನಿಮ್ಮ ಒಂದೊಂದೇ ಮೊತ್ತವನ್ನು 80ಡಿ ಒಳಗೆ ಹಾಕಿ ನೋಡೋಣ. ಇಲ್ಲಿ ಹೇಳುವುದೆಲ್ಲ 2025-26ರ ಆದಾಯಕ್ಕೆ, ಅಂದರೆ 2026ರಲ್ಲಿ ಹಾಕುವ ರಿಟರ್ನ್‌ಗೆ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆ ಹೋಗಿ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ. ಅದರಲ್ಲಿ ಇದೇ ವಿಷಯ 126ನೇ ಸೆಕ್ಷನ್‌ಗೆ ಹೋಗಿದೆ. ಆದರೆ ಈ ಸಲದ ರಿಟರ್ನ್ ಹಳೇ ಕಾಯ್ದೆಯ ಲೆಕ್ಕದಲ್ಲೇ.

80ಡಿಯಲ್ಲಿ ಎರಡು ಕೋಣೆ. ಒಂದು ನೀವು, ಹೆಂಡತಿ, ನಿಮ್ಮನ್ನೇ ನಂಬಿರುವ ಮಕ್ಕಳದ್ದು. ಇದರ ಮಿತಿ 25,000, ನಿಮ್ಮಲ್ಲಿ ಅಥವಾ ಹೆಂಡತಿಯಲ್ಲಿ ಒಬ್ಬರಿಗೆ 60 ತುಂಬಿದ್ದರೆ 50,000. ಇನ್ನೊಂದು ಅಪ್ಪ ಅಮ್ಮನದ್ದು. ಅದಕ್ಕೂ 25,000, ಇಬ್ಬರಲ್ಲಿ ಒಬ್ಬರು 60 ದಾಟಿದ್ದರೆ 50,000. ಅಪ್ಪ ಅಮ್ಮ ನಿಮ್ಮ ಜೊತೆಯಲ್ಲೇ ಇರಬೇಕು, ನಿಮ್ಮ ದುಡ್ಡಿನಲ್ಲೇ ಬದುಕಬೇಕು ಎಂದೇನಿಲ್ಲ. ಬೇಲೂರಿನಲ್ಲಿ ತೋಟ ನೋಡಿಕೊಂಡಿರುವ ಅಪ್ಪನ ವಿಷಯದಲ್ಲಿ ಬಹಳ ಜನಕ್ಕೆ ಇಲ್ಲೇ ಅನುಮಾನ ಬರುವುದು.

ಮೊದಲ ಕೋಣೆಗೆ ನಿಮ್ಮ 63,000 ರೂಪಾಯಿ. ಎರಡು ವರ್ಷಕ್ಕೆ ಒಟ್ಟಿಗೆ ಕಟ್ಟಿದ್ದೀರಿ, ಹಾಗಾಗಿ ಅರ್ಧ ಮಾಡಿ 31,500 ಎಂದುಕೊಂಡಿರುತ್ತೀರಿ, ಅಲ್ವಾ? ಕಾಯ್ದೆ ಹಾಗೆ ಹೇಳುವುದಿಲ್ಲ. ಪಾಲಿಸಿ ಎಷ್ಟು ವರ್ಷದ್ದು ಎಂದು ಅದು ಎಣಿಸುವುದಿಲ್ಲ, ಎಷ್ಟು ಹಣಕಾಸು ವರ್ಷಗಳಲ್ಲಿ ಜಾರಿಯಲ್ಲಿರುತ್ತದೆ ಎಂದು ಎಣಿಸುತ್ತದೆ. 2025ರ ನವೆಂಬರ್‌ನಿಂದ 2027ರ ನವೆಂಬರ್‌ವರೆಗಿನ ಪಾಲಿಸಿ ಮೂರು ಹಣಕಾಸು ವರ್ಷಗಳನ್ನು ಮುಟ್ಟುತ್ತದೆ: 2025-26, 2026-27, 2027-28. ಆದ್ದರಿಂದ ಮೂರು ಪಾಲು, ವರ್ಷಕ್ಕೆ 21,000. ಒಂದೇ ಪಾಲಿಸಿಯನ್ನು ಏಪ್ರಿಲ್ 1ಕ್ಕೆ ಶುರು ಮಾಡಿದ್ದರೆ ಎರಡೇ ಪಾಲು ಆಗುತ್ತಿತ್ತು. ನಿಮಗೆ ಮೂರು ಪಾಲಾಗಿದ್ದು ಒಳ್ಳೆಯದೇ ಆಯಿತು. ಎರಡು ಪಾಲಾಗಿದ್ದರೆ ವರ್ಷಕ್ಕೆ 25,000 ಮಾತ್ರ ಕಳೆದು ಉಳಿದ 6,500 ಸುಮ್ನೆ ಹೋಗುತ್ತಿತ್ತು. ಈಗ ಪೂರ್ತಿ 63,000 ಮಿತಿಯೊಳಗೇ ಕೂರುತ್ತದೆ.

21,000 ಹೋಗಿ ಇನ್ನೂ 4,000 ಜಾಗ ಇದೆ. ಅಲ್ಲಿ ಚೆಕಪ್ ಬರುತ್ತದೆ. ಮುನ್ನೆಚ್ಚರಿಕೆಯ ಆರೋಗ್ಯ ತಪಾಸಣೆಗೆ 5,000ದವರೆಗೆ ಒಪ್ಪುತ್ತಾರೆ, ಆದರೆ ಅದು 25,000ದ ಒಳಗೇ ಸೇರಬೇಕು, ಮೇಲೆ ಬೇರೆ ಕೊಡುವುದಿಲ್ಲ. ಹಾಗಾಗಿ ನಿಮ್ಮ 6,000ದಲ್ಲಿ 4,000 ಲೆಕ್ಕಕ್ಕೆ. 80ಡಿಯಲ್ಲಿ ನಗದು ಕೊಟ್ಟರೂ ನಡೆಯುವುದು ಈ ಚೆಕಪ್ ಒಂದೇ. ಮಿಕ್ಕಿದ್ದೆಲ್ಲ ಬ್ಯಾಂಕ್, ಚೆಕ್, ಕಾರ್ಡ್, ಯುಪಿಐ ಮೂಲಕವೇ ಆಗಬೇಕು.

ಈ ನಗದಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಜಾಸ್ತಿ ಜನ ಎಡವುವುದು ಇಲ್ಲೇ. ಏಜೆಂಟು ಪರಿಚಯದವರು. ಸಂಜೆ ಅಂಗಡಿಗೆ ಬರುತ್ತಾರೆ, ಗಲ್ಲಾದಿಂದ ಎಣಿಸಿ ಕೊಡುತ್ತೀರಿ, ಅವರು ತಮ್ಮ ಮೊಬೈಲಿನಲ್ಲಿ ಕಟ್ಟಿ ರಸೀದಿ ವಾಟ್ಸಾಪ್ ಮಾಡುತ್ತಾರೆ. ರಸೀದಿಯಲ್ಲಿ ‘ಆನ್‌ಲೈನ್’ ಎಂದೇ ಇರುತ್ತದೆ. ಆದರೆ ದುಡ್ಡು ಹೋಗಿದ್ದು ನಿಮ್ಮ ಖಾತೆಯಿಂದಲ್ಲ. ನಾಳೆ ಯಾರಾದರೂ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದರೆ ತೋರಿಸಲು ಏನೂ ಇಲ್ಲ. ನಿಮ್ಮ ಖಾತೆಯಿಂದ ನೇರವಾಗಿ ವಿಮಾ ಕಂಪನಿಗೇ ಕಟ್ಟಿ. ಏಜೆಂಟಿಗೆ ಬೇಜಾರಾಗುವುದಿಲ್ಲ, ಅವರ ಕಮಿಷನ್ ಅವರಿಗೆ ಬಂದೇ ಬರುತ್ತದೆ.

ಎರಡನೇ ಕೋಣೆಗೆ ಅಮ್ಮನ 34,000. ಆಗಸ್ಟ್‌ನಲ್ಲಿ ಕಟ್ಟಿದ್ದರಿಂದ ಅದರಲ್ಲಿ ಶೇ 18 ಜಿಎಸ್‌ಟಿ ಸೇರಿದೆ. ಜಿಎಸ್‌ಟಿ ಸೇರಿ ಕಟ್ಟಿದ ಪೂರ್ತಿ ಮೊತ್ತವೇ ಲೆಕ್ಕಕ್ಕೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲೆ ಜಿಎಸ್‌ಟಿ ತೆಗೆದುಹಾಕಿದ್ದಾರೆ. ಹಾಗಾಗಿ ನವೆಂಬರ್‌ನ ನಿಮ್ಮ ಪಾಲಿಸಿಗೆ ಅದು ಬಿದ್ದಿಲ್ಲ, ಅಮ್ಮನದ್ದಕ್ಕೆ ಬಿದ್ದಿದೆ.

ಅಪ್ಪನ ಖರ್ಚಿಗೂ ಇಲ್ಲೇ ಜಾಗ. 60 ದಾಟಿದ ತಂದೆ ಅಥವಾ ತಾಯಿಯ ಹೆಸರಿನಲ್ಲಿ ಆರೋಗ್ಯ ವಿಮೆಯೇ ಇಲ್ಲದಿದ್ದರೆ, ಅವರ ವೈದ್ಯಕೀಯ ಖರ್ಚನ್ನು ಪ್ರೀಮಿಯಂ ಬದಲಿಗೆ ತೋರಿಸಬಹುದು. ಅಮ್ಮನಿಗೆ ಪಾಲಿಸಿ ಇದೆ, ಆದ್ದರಿಂದ ಅಪ್ಪನ ಬಿಲ್ಲು ನಡೆಯುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ಯಾರ ಖರ್ಚು ತೋರಿಸುತ್ತೀರೋ ಅವರಿಗೆ ವಿಮೆ ಇರಬಾರದು, ಅಷ್ಟೇ. ಇಬ್ಬರದ್ದೂ ಕೂಡಿದ ಮೊತ್ತ ಮಾತ್ರ 50,000 ಮೀರುವಂತಿಲ್ಲ. ನಿಮ್ಮ 30,000ದಲ್ಲಿ ನಗದು ಕೊಟ್ಟ 12,000 ಹೋಯಿತು. ಉಳಿದ 18,000ಕ್ಕೆ ಅಮ್ಮನ 34,000 ಸೇರಿಸಿದರೆ 52,000. ಮಿತಿ 50,000. ಅಂದರೆ ನಗದು ಕೊಟ್ಟಿದ್ದರಿಂದ ನಿಮಗೆ ಈ ವರ್ಷ ನಷ್ಟವೇನೂ ಆಗಿಲ್ಲ. ಆದರೂ ಮೆಡಿಕಲ್ ಸ್ಟೋರಿನಲ್ಲಿ ಯುಪಿಐ ಮಾಡಿ, ಬಿಲ್ಲಿನಲ್ಲಿ ಅಪ್ಪನ ಹೆಸರು ಹಾಕಿಸಿ. ಬರೀ ಫೋನಿನಲ್ಲಿರುವ ‘ಪೇಮೆಂಟ್ ಸಕ್ಸಸ್’ ಸಾಲದು, ಬಿಲ್ಲೂ ಬೇಕು. ಚೆಕಪ್‌ಗೆ ಮೈಸೂರಿಗೆ ಹೋದ ಕಾರಿನ ಬಾಡಿಗೆ, ಊಟದ ಖರ್ಚು ಸೇರಿಸಲು ಹೋಗಬೇಡಿ.

ಅತ್ತೆಯ 18,000ಕ್ಕೆ ಇಲ್ಲಿ ಜಾಗವೇ ಇಲ್ಲ. ಕಾಯ್ದೆ ಹೇಳುವ ಅಪ್ಪ ಅಮ್ಮ ಎಂದರೆ ನಿಮ್ಮ ಅಪ್ಪ ಅಮ್ಮ. ಅತ್ತೆ ಮಾವ ಬರುವುದಿಲ್ಲ, ಅಣ್ಣ ತಮ್ಮ ಅಕ್ಕ ತಂಗಿಯೂ ಬರುವುದಿಲ್ಲ. ನಿಮ್ಮ ಹೆಂಡತಿಗೆ ತೆರಿಗೆ ಬೀಳುವಷ್ಟು ಸ್ವಂತ ಆದಾಯ ಇದ್ದು, ಅವರೇ ತಮ್ಮ ಖಾತೆಯಿಂದ ಕಟ್ಟಿದರೆ ಅವರ ರಿಟರ್ನ್‌ನಲ್ಲಿ ತೋರಿಸಬಹುದು. ಇಲ್ಲದಿದ್ದರೆ ಅಳಿಯನಾಗಿ ಕಟ್ಟಿದ್ದು ಅಂದುಕೊಳ್ಳಿ.

ಹೀಗೆ ನಿಮ್ಮ 80ಡಿ ಒಟ್ಟು 75,000. ಕೇಳಲು ದೊಡ್ಡ ಮೊತ್ತವೇ. ಆದರೆ ನೀವು ಕೇಳದೇ ಬಿಟ್ಟ ಪ್ರಶ್ನೆಯಲ್ಲಿ ಇದಕ್ಕಿಂತ ದೊಡ್ಡ ದುಡ್ಡಿದೆ. ಆ ‘ಹಳೆ ಪದ್ಧತಿ’ ಎಂಬ ಎರಡು ಮಾತು.

80ಡಿ ಸಿಗುವುದು ಹಳೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ 80ಸಿಯೂ (ಎಲ್ಐಸಿ, ಸ್ಕೂಲ್ ಫೀಸಿನಂಥವನ್ನು ಕಳೆಯುವ ಸೆಕ್ಷನ್) ಇಲ್ಲ, 80ಡಿಯೂ ಇಲ್ಲ, ಬದಲಿಗೆ ದರ ಕಡಿಮೆ. 2023-24ರಿಂದ ಹೊಸದೇ ಎಲ್ಲರಿಗೂ ತಾನಾಗಿ ಅನ್ವಯಿಸುತ್ತದೆ, ಹಳೆಯದು ಬೇಕಾದವರು ಕೇಳಿ ಪಡೆಯಬೇಕು. 2025-26ಕ್ಕೆ ಹೊಸ ಪದ್ಧತಿಯಲ್ಲಿ ಒಟ್ಟು ಆದಾಯ 12 ಲಕ್ಷದವರೆಗಿದ್ದರೆ 60,000ದವರೆಗೆ ರಿಬೇಟ್ ಕೊಟ್ಟು ತೆರಿಗೆ ಸೊನ್ನೆ ಮಾಡುತ್ತಾರೆ. ಸಂಬಳದವರಿಗೆ ಮಾತ್ರ ಅಲ್ಲ, ವ್ಯಾಪಾರದ ಆದಾಯಕ್ಕೂ ಹಾಗೇ.

ಈಗ ನಿಮ್ಮ ಲೆಕ್ಕ ಎರಡೂ ಕಡೆ ಹಾಕೋಣ. ಹಳೆ ಪದ್ಧತಿ: 9,50,000ದಿಂದ 80ಸಿಯ 1,20,000 ಮತ್ತು 80ಡಿಯ 75,000 ಕಳೆದರೆ 7,55,000. ಮೊದಲ ಎರಡೂವರೆ ಲಕ್ಷಕ್ಕೆ ಇಲ್ಲ, ಮುಂದಿನ ಎರಡೂವರೆ ಲಕ್ಷಕ್ಕೆ ಶೇ 5ರಂತೆ 12,500, ಉಳಿದ 2,55,000ಕ್ಕೆ ಶೇ 20ರಂತೆ 51,000. ಒಟ್ಟು 63,500, ಮೇಲೆ ಶೇ 4 ಸೆಸ್, ಕಟ್ಟಬೇಕಾದ್ದು 66,040.

ಹೊಸ ಪದ್ಧತಿ: ಏನೂ ಕಳೆಯುವಂತಿಲ್ಲ, 9,50,000 ಹಾಗೇ. ಮೊದಲ ನಾಲ್ಕು ಲಕ್ಷಕ್ಕೆ ಇಲ್ಲ, ಮುಂದಿನ ನಾಲ್ಕು ಲಕ್ಷಕ್ಕೆ 20,000, ಮೇಲಿನ ಒಂದೂವರೆ ಲಕ್ಷಕ್ಕೆ 15,000. ಒಟ್ಟು 35,000. ರಿಬೇಟ್ ಅಷ್ಟನ್ನೂ ನುಂಗಿಹಾಕುತ್ತದೆ. ಕಟ್ಟಬೇಕಾದ್ದು ಸೊನ್ನೆ.

80ಡಿ ಪೂರ್ತಿ ಸಿಕ್ಕರೂ ಹಳೆ ಪದ್ಧತಿಯಲ್ಲಿ ನಿಮಗೆ ಉಳಿಯುವುದು 15,600. ಆ 15,600ಕ್ಕಾಗಿ ರಸೀದಿ ಹುಡುಕುತ್ತಾ ಕೂತರೆ, ಕಟ್ಟುವ ಅಗತ್ಯವೇ ಇಲ್ಲದ 66,040 ಕೈಬಿಟ್ಟು ಹೋಗುತ್ತದೆ.

2024ರಲ್ಲಿ ನಿಮ್ಮ ರಿಟರ್ನ್ ಹಾಕಿಕೊಡುವವರು ಹಾಕಿದ ಫಾರ್ಮ್ 10-ಐಇಎ ಇರಬೇಕು. ವ್ಯಾಪಾರದ ಆದಾಯ ಇರುವವರು ಹಳೆ ಪದ್ಧತಿ ಬೇಕೆಂದು ಹೇಳುವ ಫಾರ್ಮ್ ಅದು. ಅವರು ಆಗ ಮಾಡಿದ್ದು ತಪ್ಪು ಅನ್ನಲಾರೆ. ಆ ವರ್ಷದ ಹೊಸ ಪದ್ಧತಿಯಲ್ಲಿ ರಿಬೇಟ್ 7 ಲಕ್ಷದವರೆಗೆ ಮಾತ್ರ ಇತ್ತು, ದರದ ಹಂತಗಳೂ ಬಿಗಿಯಾಗಿದ್ದವು. 80ಸಿ, 80ಡಿ ಇದ್ದವರಿಗೆ ಹಳೆಯದು ಲಾಭವಾದದ್ದು ಉಂಟು. ತೊಂದರೆ ಎಲ್ಲಿ ಎಂದರೆ, ಆ ಫಾರ್ಮ್ ಒಂದು ಸಲ ಹಾಕಿದರೆ ಮುಂದಿನ ವರ್ಷಗಳಿಗೂ ಹಾಗೇ ಮುಂದುವರಿಯುತ್ತದೆ. ನೀವು ಸುಮ್ಮನಿದ್ದರೆ ಈ ವರ್ಷವೂ ಹಳೆ ಪದ್ಧತಿಯಲ್ಲೇ ಇರುತ್ತೀರಿ.

ಹೊರಗೆ ಬರಲು ಅದೇ 10-ಐಇಎಯನ್ನು ಇನ್ನೊಮ್ಮೆ ಹಾಕಬೇಕು, ಹೊಸ ಪದ್ಧತಿಗೆ ಮರಳುತ್ತೇನೆ ಎಂದು. ರಿಟರ್ನ್ ಹಾಕಲು ನಿಮಗಿರುವ ಕೊನೆಯ ದಿನಾಂಕದೊಳಗೆ ಇದು ಆಗಬೇಕು. ಫಾರ್ಮ್ ಹಾಕಿದ ಮೇಲೆ ಬರುವ ಸ್ವೀಕೃತಿ ಸಂಖ್ಯೆಯನ್ನು ರಿಟರ್ನ್‌ನಲ್ಲಿ ತುಂಬಬೇಕು. ಮೊದಲು ಫಾರ್ಮ್, ಆಮೇಲೆ ರಿಟರ್ನ್. ಈ ಕ್ರಮ ತಪ್ಪಿಸಬೇಡಿ.

ಇಲ್ಲಿ ಒಂದು ಗಂಟಿದೆ. ಸಂಬಳದವರು ವರ್ಷಕ್ಕೊಂದು ಸಲ ಆ ಕಡೆ ಈ ಕಡೆ ಹಾರಬಹುದು. ವ್ಯಾಪಾರದವರಿಗೆ ಆ ಸ್ವಾತಂತ್ರ್ಯ ಇಲ್ಲ. ಹಳೆಯದಕ್ಕೆ ಹೋಗಿ ಒಮ್ಮೆ ಹೊಸದಕ್ಕೆ ಮರಳಿದರೆ, ವ್ಯಾಪಾರದ ಆದಾಯ ಇರುವವರೆಗೂ ಮತ್ತೆ ಹಳೆಯದಕ್ಕೆ ಹೋಗುವಂತಿಲ್ಲ. ಹಾಗಾಗಿ ‘ಮುಂದೆ ಎಂದಾದರೂ ಹಳೆಯದು ಬೇಕಾಗುತ್ತದಾ’ ಎಂದು ಈಗಲೇ ಯೋಚಿಸಬೇಕು.

ನನ್ನ ಅಂದಾಜಿನಲ್ಲಿ ನಿಮಗೆ ಬೇಕಾಗುವುದಿಲ್ಲ. ವ್ಯಾಪಾರ ಚೆನ್ನಾಗಿ ಬೆಳೆದು ಆದಾಯ 15 ಲಕ್ಷ ಆಯಿತು ಅಂದುಕೊಳ್ಳಿ. ಇಂದಿನ ದರದಲ್ಲಿ ಹೊಸ ಪದ್ಧತಿಯ ತೆರಿಗೆ 1,05,000, ಸೆಸ್ ಸೇರಿ 1,09,200. ಹಳೆಯದರಲ್ಲಿ 80ಸಿ ಪೂರ್ತಿ 1,50,000, 80ಡಿ 75,000, ಮನೆ ಸಾಲದ ಬಡ್ಡಿ 2,00,000, ಹೀಗೆ ನಾಲ್ಕೂಕಾಲು ಲಕ್ಷ ಕಳೆದರೂ ತೆರಿಗೆ ಸೆಸ್ ಸೇರಿ 1,40,400. ಹಳೆಯದು ಹೊಸದಕ್ಕೆ ಸರಿಸಮ ಆಗಬೇಕಾದರೆ 15 ಲಕ್ಷದ ಆದಾಯಕ್ಕೆ ಸುಮಾರು 5,37,500 ಕಡಿತ ಬೇಕು. ದೊಡ್ಡ ಮನೆ ಸಾಲ, ಎನ್‌ಪಿಎಸ್ ಪಿಂಚಣಿ ಯೋಜನೆ, ಅಪ್ಪ ಅಮ್ಮನ ವಿಮೆ ಎಲ್ಲ ಒಟ್ಟಿಗೆ ಇರುವ ಮನೆಗೆ ಇದು ಆಗಬಹುದು. ರಿಪೇರಿ ಅಂಗಡಿ ಇಟ್ಟುಕೊಂಡು ಊರಿನ ಮನೆಗೂ ದುಡ್ಡು ಕಳಿಸುವವರಿಗೆ ಕಷ್ಟ. ಹೊಸದಕ್ಕೆ ಬಂದುಬಿಡಿ.

ಹಳೆ ಪದ್ಧತಿಯಲ್ಲೇ ಉಳಿಯುವವರಿಗೆ ಒಂದೆರಡು ಮಾತು. ಈಗ ರಿಟರ್ನ್‌ನ 80ಡಿ ಭಾಗದಲ್ಲಿ ವಿಮಾ ಕಂಪನಿಯ ಹೆಸರು, ಪಾಲಿಸಿ ನಂಬರ್ ಕೇಳುತ್ತಾರೆ. ಮೊದಲಿನ ಹಾಗೆ ‘25,000 ಹಾಕ್ಬಿಡಿ, ಯಾರು ಕೇಳ್ತಾರೆ’ ಅನ್ನುವ ಕಾಲ ಹೋಯಿತು. 2025ರ ಜುಲೈಯಲ್ಲಿ ಸುಳ್ಳು ಕಡಿತ ತೋರಿಸಿ ರೀಫಂಡ್ ಪಡೆದವರ ಮೇಲೆ, ಹಾಗೆ ರಿಟರ್ನ್ ಹಾಕಿಕೊಟ್ಟ ಏಜೆಂಟರ ಮೇಲೆ ಇಲಾಖೆ ದೇಶದ ಬೇರೆ ಬೇರೆ ಕಡೆ ತಪಾಸಣೆ ನಡೆಸಿತು. ಅದರಲ್ಲಿ 80ಡಿಯ ಹೆಸರೂ ಇತ್ತು. ಇನ್ನೊಂದು, ಪರ್ಸನಲ್ ಆಕ್ಸಿಡೆಂಟ್ ಪಾಲಿಸಿಯ ಪ್ರೀಮಿಯಂ 80ಡಿಗೆ ಬರುವುದಿಲ್ಲ, ಟರ್ಮ್ ಪಾಲಿಸಿ 80ಸಿಗೆ ಹೋಗುತ್ತದೆ. ಬ್ಯಾಂಕಿನವರು ಎಲ್ಲವನ್ನೂ ‘ಇನ್ಶೂರೆನ್ಸ್’ ಎಂದು ಒಂದೇ ಮಾತಿನಲ್ಲಿ ಮಾರುವುದರಿಂದ ಈ ಗೊಂದಲ.

ಅಪ್ಪನ ಕಾಫಿ ತೋಟಕ್ಕೆ ಬರೋಣ. ತೋಟ ಅವರ ಹೆಸರಿನಲ್ಲಿದೆ, ಆದಾಯವೂ ಅವರದ್ದು. ನಿಮ್ಮ ರಿಟರ್ನ್‌ಗೆ ಅದು ಬರುವುದಿಲ್ಲ. ಅವರಿಗಾದರೂ ತೆರಿಗೆ ಇದೆಯಾ ಎನ್ನುವುದು ಕಾಫಿಯನ್ನು ಯಾವ ರೂಪದಲ್ಲಿ ಮಾರುತ್ತಾರೆ ಎನ್ನುವುದರ ಮೇಲಿದೆ. ಹಣ್ಣು ಕುಯ್ದು ಕಣದಲ್ಲಿ ಒಣಗಿಸಿ ಚೆರ್ರಿಯಾಗಿ ಮಾರಿದರೆ, ಅಥವಾ ಪಲ್ಪರ್‌ಗೆ ಹಾಕಿ ತೊಳೆದು ಒಣಗಿಸಿ ಪಾರ್ಚ್‌ಮೆಂಟ್ ಮಾಡಿ ವ್ಯಾಪಾರಿಗೆ ಕೊಟ್ಟರೆ ಅದು ಪೂರ್ತಿ ಕೃಷಿ ಆದಾಯ, ಆದಾಯ ತೆರಿಗೆ ಇಲ್ಲ. ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸಿ, ಸಿಪ್ಪೆ ತೆಗೆಸಿ, ಗ್ರೇಡ್ ಮಾಡಿಸಿ ಮಾರಿದರೆ ನಿಯಮ 7ಬಿ ಪ್ರಕಾರ ಆದಾಯದ ಶೇ 25 ವ್ಯಾಪಾರದ ಆದಾಯ, ಶೇ 75 ಕೃಷಿ. ಹುರಿದು ಪುಡಿ ಮಾಡಿ ಮಾರಿದರೆ, ಚಿಕೋರಿ ಸೇರಿಸಲಿ ಬಿಡಲಿ, ಶೇ 40 ವ್ಯಾಪಾರ. ಸಕಲೇಶಪುರ, ಮೂಡಿಗೆರೆ ಕಡೆ ಹೋಂಸ್ಟೇ ಇಟ್ಟು ಸ್ವಂತ ಬ್ರ್ಯಾಂಡಿನ ಕಾಫಿ ಪುಡಿ ಮಾರುವವರು ಈಗ ಬಹಳ ಇದ್ದಾರೆ. ಅವರಲ್ಲಿ ಈ ಶೇ 40ರ ವಿಷಯ ಗೊತ್ತಿರುವವರು ಕಡಿಮೆ.

80ಡಿಗೂ ಇದಕ್ಕೂ ಇರುವ ನಂಟು ಇಷ್ಟು. ತೆರಿಗೆ ಬೀಳುವ ಆದಾಯದಿಂದ ಕಟ್ಟಿದ ಪ್ರೀಮಿಯಂ ಮಾತ್ರ 80ಡಿಗೆ ನಡೆಯುತ್ತದೆ. ಬರೀ ಚೆರ್ರಿ ಮಾರುವ ಬೆಳೆಗಾರರಿಗೆ ಕಳೆಯಲು ಆದಾಯವೇ ಇಲ್ಲ, ಹಾಗಾಗಿ 80ಡಿ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಹಳೆ ಪದ್ಧತಿಯಲ್ಲಿರುವ ಮಗ ಅಮ್ಮನ ಪ್ರೀಮಿಯಂ ತೋರಿಸಬೇಕಾದರೆ ಅವನ ಖಾತೆಯಿಂದಲೇ ಕಟ್ಟಬೇಕು, ಅಪ್ಪ ಕಾಫಿ ದುಡ್ಡಿನಿಂದ ಕಟ್ಟಿದ ರಸೀದಿ ತಂದು ತೋರಿಸುವಂತಿಲ್ಲ. ಇನ್ನು ಫಸಲಿನ ದುಡ್ಡು ಅಪ್ಪನ ಬದಲು ನಿಮ್ಮ ಖಾತೆಗೆ ಬರುವ ರೂಢಿ ಇದ್ದರೆ ಇವತ್ತೇ ನಿಲ್ಲಿಸಿ. ಅಪ್ಪನ ಹೆಸರಿನ ಪಹಣಿ, ವ್ಯಾಪಾರಿಯ ಬಿಲ್ಲು, ಅಪ್ಪನ ಖಾತೆ, ಈ ಮೂರೂ ಒಂದೇ ಹೆಸರಿನಲ್ಲಿದ್ದರೆ ಯಾರೂ ಕೇಳುವುದಿಲ್ಲ.

ಮುಂದೆ ತೋಟ ನಿಮ್ಮ ಹೆಸರಿಗೆ ಬಂದರೆ ಲೆಕ್ಕ ಬದಲಾಗುತ್ತದೆ. ಕೃಷಿ ಆದಾಯ ವರ್ಷಕ್ಕೆ 5,000 ದಾಟಿದರೆ ಅಂಗಡಿಯವರು ಹಾಕುವ ಸರಳ ಐಟಿಆರ್-4 ನಡೆಯುವುದಿಲ್ಲ, ಐಟಿಆರ್-3 ಹಾಕಬೇಕು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ಅಂಗಡಿ ಆದಾಯದ ದರ ನಿಗದಿ ಮಾಡುವಾಗ ಅದನ್ನು ಸೇರಿಸಿ ನೋಡುತ್ತಾರೆ. ಫಸಲು ದೊಡ್ಡದಾದ ವರ್ಷ, ಅಂಗಡಿ ಆದಾಯ 12 ಲಕ್ಷದೊಳಗೇ ಇದ್ದರೂ ಸ್ವಲ್ಪ ತೆರಿಗೆ ಬೀಳಬಹುದು. ಕಾಫಿಗೆ ಒಳ್ಳೆ ರೇಟು ಬಂದ ವರ್ಷ ಇದನ್ನು ಮರೆಯಬೇಡಿ.

ಅಂಗಡಿ ಖರ್ಚಿಗೆ ಬರೆಯಬಹುದಾದ ಆರೋಗ್ಯ ವಿಮೆ ಒಂದಿದೆ, ನೀವು ಅದನ್ನು ಕೇಳಲಿಲ್ಲ. ನಿಮ್ಮ ಇಬ್ಬರು ಹುಡುಗರದ್ದು. ಕೆಲಸಗಾರರ ಆರೋಗ್ಯ ವಿಮೆಗೆ ಮಾಲೀಕರು ನಗದಲ್ಲದೆ ಕಟ್ಟಿದ ಪ್ರೀಮಿಯಂ 36ನೇ ಸೆಕ್ಷನ್ ಪ್ರಕಾರ ವ್ಯಾಪಾರದ ಖರ್ಚು. ಹೊಸ ಪದ್ಧತಿಯಲ್ಲೂ ಅದು ನಡೆಯುತ್ತದೆ. ಒಂದು ಷರತ್ತು: ನೀವು 44ಎಡಿ ಪ್ರಕಾರ, ಅಂದರೆ ವಹಿವಾಟಿನ ಶೇ 6 ಅಥವಾ 8 ಅಥವಾ ಅದಕ್ಕಿಂತ ಜಾಸ್ತಿ ಲಾಭವೆಂದು ಒಟ್ಟಿಗೆ ತೋರಿಸುವವರಾದರೆ, ಎಲ್ಲ ಖರ್ಚೂ ಅದರಲ್ಲೇ ಮುಗಿದ ಹಾಗೆ, ಇದನ್ನು ಬೇರೆ ಕಳೆಯುವಂತಿಲ್ಲ. ಪುಸ್ತಕ ಬರೆದು ಲಾಭ ತೋರಿಸುವವರಿಗೆ ಸಿಗುತ್ತದೆ. ತೆರಿಗೆ ಮಾತು ಬಿಟ್ಟರೂ, ಬೋರ್‌ವೆಲ್ ಮೋಟಾರ್ ಎತ್ತುವ, ಕರೆಂಟಿನ ಜೊತೆ ಕೆಲಸ ಮಾಡುವ ಹುಡುಗರಿಗೆ ಒಂದು ಪಾಲಿಸಿ ಇರಲಿ.

ಕೊನೆಗೆ ಅಮ್ಮನ ಪಾಲಿಸಿ. ಹೊಸ ಪದ್ಧತಿಗೆ ಬಂದರೆ ಅದರಿಂದ ತೆರಿಗೆಯಲ್ಲಿ ಒಂದು ರೂಪಾಯಿಯೂ ಉಳಿಯುವುದಿಲ್ಲ, ನಿಜ. ಆದರೂ ನಿಲ್ಲಿಸಬೇಡಿ. ಹಳೆ ಕಾಯಿಲೆಗಳಿಗೆ ಕಂಪನಿಗಳು ಕಾಯುವ ಅವಧಿ ಇಡುತ್ತವೆ, ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐ ಸಂಸ್ಥೆಯ 2024ರ ನಿಯಮದ ಪ್ರಕಾರ ಅದು ಹೆಚ್ಚೆಂದರೆ ಮೂರು ವರ್ಷ. 60 ತಿಂಗಳು ಬಿಡದೆ ನಡೆದ ಪಾಲಿಸಿಯಲ್ಲಿ, ವಂಚನೆ ಸಾಬೀತಾದ ಹೊರತು, ‘ಆಗ ನೀವು ಹೇಳಿರಲಿಲ್ಲ’ ಎಂದು ಕ್ಲೇಮು ತಳ್ಳಿಹಾಕುವಂತಿಲ್ಲ. ಈಗ ನಿಲ್ಲಿಸಿದರೆ ಈ ಎಣಿಕೆ ಎಲ್ಲ ಹೋಗಿ, 67ನೇ ವಯಸ್ಸಿಗೆ ಮೊದಲಿಂದ ಶುರು. ಬಿಪಿ, ಶುಗರ್ ಏನಾದರೂ ಬಂದಿದ್ದರೆ ಪಾಲಿಸಿ ಸಿಗುವುದೇ ಕಷ್ಟ ಆಗಬಹುದು, ಅಪ್ಪನ ವಿಷಯದಲ್ಲಿ ನೋಡಿದ್ದೀರಲ್ಲ. ಅಂದ ಹಾಗೆ, 65 ದಾಟಿದವರಿಗೆ ಹೊಸ ಪಾಲಿಸಿ ಕೊಡಲೇಬೇಕಿಲ್ಲ ಎನ್ನುವ ಹಳೆಯ ವಯಸ್ಸಿನ ಗೆರೆ 2024ರಲ್ಲಿ ಹೋಗಿದೆ. ಸ್ಟೆಂಟ್ ಇರುವವರಿಗೆ ಕೊಡುವುದು ಬಿಡುವುದು ಈಗಲೂ ಕಂಪನಿಯ ಇಷ್ಟ. ಆದರೆ ಒಂದು ಕಡೆ ಇಲ್ಲ ಎಂದರೆ ಇನ್ನೆರಡು ಕಡೆ ಕೇಳಿ ನೋಡಿ, ಸ್ಟೆಂಟ್ ವಿಷಯ ಮುಚ್ಚಿಡದೆ.

60 ದಾಟಿದವರ ಪ್ರೀಮಿಯಂ ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಕಂಪನಿ ಮೊದಲು ಐಆರ್‌ಡಿಎಐ ಜೊತೆ ಮಾತಾಡಬೇಕು ಎಂದು 2025ರ ಜನವರಿಯಲ್ಲಿ ಆದೇಶವಾಗಿದೆ. ಆಗಸ್ಟ್‌ನ ನವೀಕರಣದ ನೋಟಿಸು ಬಂದಾಗ ಹೋದ ವರ್ಷದ ರಸೀದಿ ಪಕ್ಕದಲ್ಲಿಟ್ಟು ನೋಡಿ. ಹೋದ ಸಲದ 34,000ದಲ್ಲಿ ಜಿಎಸ್‌ಟಿಯೇ 5,186 ಇತ್ತು. ಮೂಲ ಪ್ರೀಮಿಯಂ 28,814. ಈ ಸಲದ ಮೊತ್ತವನ್ನು ಹೋಲಿಸಬೇಕಾದ್ದು 28,814ರ ಜೊತೆ, 34,000ದ ಜೊತೆ ಅಲ್ಲ. ವರ್ಷಕ್ಕೊಮ್ಮೆ ಕಟ್ಟುವ ಪಾಲಿಸಿಗೆ ಕೊನೆಯ ದಿನ ಕಳೆದ ಮೇಲೂ 30 ದಿನ ಅವಕಾಶ ಕೊಡುತ್ತಾರೆ, ಅದನ್ನು ನಂಬಿಕೊಂಡು ಕೂರಬೇಡಿ. ನಿಮ್ಮ ಖಾತೆಯಿಂದ, ನೇರವಾಗಿ ಕಂಪನಿಗೆ, ದಿನಾಂಕಕ್ಕೆ ಮೊದಲೇ ಕಟ್ಟಿಬಿಡಿ.